ಲೇಖಕಧರ್ಮ ನಿರ್ಣಯ: ಮೂಕಂಡಪಲ್ಲಿ ಪಾಠ

ಸಾರಲೇಖ: ಪ್ರಬಂಧದ ತಲೆಯ ಮೇಲೆ ಹೆಸರು ಯಾರದ್ದು, ಕೆಟ್ಟರೆ ಹೊಣೆ ಯಾರದ್ದು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗಿದೆ. ಮೊದಲನೆಯದಕ್ಕೆ ಉತ್ತರಗಳು ಬೇಕಾದಷ್ಟು ಸಿಕ್ಕವು. ಮುಖ್ಯಪದಗಳು: ಹೆಸರು, ಹೊಣೆ, ಹದಿನಾಲ್ಕು.

ಅಧ್ಯಯನ ಕ್ಷೇತ್ರವಾದ ಮೂಕಂಡಪಲ್ಲಿ ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳ ಮಗ್ಗುಲಲ್ಲಿದೆ. ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿ ಒಂದೇ ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತವೆ. ಹೀಗಿದ್ದೂ ಆ ಅಂಗಡಿಗೆ ‘ಅಂತರರಾಷ್ಟ್ರೀಯ’ ಎಂಬ ಬೋರ್ಡು ಇಲ್ಲದಿರುವುದು ಮಾಲೀಕರ ಸಂಕೋಚವಷ್ಟೇ. ಇಷ್ಟೂ ಬಂಡವಾಳವಿಲ್ಲದೆ ಆ ಬೋರ್ಡು ತಗುಲಿಸಿಕೊಂಡ ಸಂಶೋಧನಾ ಪತ್ರಿಕೆಗಳು ದೇಶದ ತುಂಬ ಇವೆ.

ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರ ಹೆಸರು ಹಾಕುವ ರೋಗ ಪಶ್ಚಿಮದಿಂದ ಬಂದದ್ದೆಂದು ಪೂರ್ವಪಕ್ಷದವರು ಹೇಳುತ್ತಾರೆ. ಒಪ್ಪಲಾಗದು. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ, ಸುಮಾರು 850ರ ಕವಿರಾಜಮಾರ್ಗವನ್ನೇ ನೋಡಿ. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಅಚ್ಚು ಮಾಡಿಸಿದಾಗ ಕರ್ತೃ ರಾಷ್ಟ್ರಕೂಟ ದೊರೆ ನೃಪತುಂಗನೆಂದೇ ಹೇಳಿದರು. ಬರೆದವನು ಆಸ್ಥಾನದ ಶ್ರೀವಿಜಯ, ದೊರೆಯದು ಬರೀ ಒಪ್ಪಿಗೆ ಎಂದು ಆಮೇಲಿನ ವಿದ್ವಾಂಸರು ಸಾಧಿಸಿದರು. ಅಂದರೆ ವಿಭಾಗದ ಮುಖ್ಯಸ್ಥರ ಹೆಸರು ಮೇಲೆ, ಬರೆದ ಹುಡುಗನ ಹೆಸರು ಒಳಗೆಲ್ಲೋ ಎಂಬ ಸಂಪ್ರದಾಯಕ್ಕೆ ನಮ್ಮಲ್ಲಿ ಹನ್ನೊಂದು ಶತಮಾನ ಮೀರಿದ ಹಿನ್ನೆಲೆಯಿದೆ. ಗ್ರಂಥಕ್ಕೆ ದಂಡಿಯ ಕಾವ್ಯಾದರ್ಶದ ಋಣವೂ ದೊಡ್ಡದು. ಸಾಮ್ಯ ಹುಡುಕುವ ಸಾಫ್ಟ್‌ವೇರಿಗೆ ಯಾರೂ ಹಾಕದಿರುವುದು ಕನ್ನಡದ ಪುಣ್ಯ.

ಲೇಖಕನೆಂದರೆ ಯಾರು ಎಂದು ತೀರ್ಮಾನಿಸುವವರು ವೈದ್ಯಕೀಯ ಪತ್ರಿಕಾ ಸಂಪಾದಕರು. 1978ರಲ್ಲಿ ವ್ಯಾಂಕೂವರಿನಲ್ಲಿ ಮೊದಲು ಸೇರಿದ ಗುಂಪು ಅದು. ಕೆಲಸದಲ್ಲಿ ಗಣನೀಯ ಪಾಲು, ಬರೆದು ಅಥವಾ ತಿದ್ದಿದ ಶ್ರಮ, ಕೊನೆಯ ಪ್ರತಿಗೆ ಒಪ್ಪಿಗೆ, ಇಷ್ಟಿದ್ದರೆ ಸಾಕಿತ್ತು. ತಪ್ಪು ಸಿಕ್ಕರೆ ಉತ್ತರ ಹೇಳಬೇಕು ಎಂಬ ನಾಲ್ಕನೆಯ ಷರತ್ತು ಸೇರಿದ್ದು 2013ರಲ್ಲಿ. ಸಿಪ್‌ಕಾಟಿನಲ್ಲಿ ಬೋಲ್ಟು ಕಡೆಯುವ ಆಪರೇಟರ್ ಇದನ್ನು ಕೇಳಿದರೆ ನಕ್ಕಾನು. ಅವನ ಜಾಬ್ ಕಾರ್ಡಿನಲ್ಲಿ ಶಿಫ್ಟು, ಮಷಿನ್ನು, ಟೋಕನ್ ನಂಬರು ಎಲ್ಲ ಇರುತ್ತವೆ. ಮಾಲು ರಿಜೆಕ್ಟ್ ಆಗಿ ವಾಪಸ್ ಬಂದರೆ ಸೂಪರ್‌ವೈಸರ್ ನೆಟ್ಟಗೆ ಅವನ ಹತ್ತಿರವೇ ಬರುತ್ತಾರೆ. ಆರು ಹೆಸರಿನ ಪ್ರಬಂಧ ವಾಪಸ್ ಬಂದರೆ ಐವರು ಅದನ್ನು ಓದಿಯೇ ಇರುವುದಿಲ್ಲ, ಆರನೆಯವರು ರಜೆಯಲ್ಲಿರುತ್ತಾರೆ.

ಕಳವಿನ ಪ್ರಕರಣಕ್ಕೆ ಬರೋಣ. ಯುಜಿಸಿಯ 2018ರ ನಿಯಮದಂತೆ ಶೇ. 10ರ ತನಕ ಸಾಮ್ಯಕ್ಕೆ ದಂಡವಿಲ್ಲ. 40 ದಾಟಿದರೆ ಅಧ್ಯಾಪಕರ ಒಂದು ಇನ್‌ಕ್ರಿಮೆಂಟಿಗೆ, 60 ದಾಟಿದರೆ ಎರಡಕ್ಕೆ ಕತ್ತರಿ. ಸತತ ಹದಿನಾಲ್ಕು ಪದಗಳವರೆಗೆ ಹೊಂದಿಕೆಯಾದರೆ ಅದು ಲೆಕ್ಕಕ್ಕಿಲ್ಲ, ಕಾಕತಾಳೀಯ. ಈ ಶಾಸ್ತ್ರದ ಅತ್ಯುತ್ತಮ ವ್ಯಾಖ್ಯಾನ ನಮಗೆ ದೊರೆತದ್ದು ಬಸ್ ಸ್ಟಾಪಿನ ಬಳಿಯ ಡಿಟಿಪಿ ಅಂಗಡಿಯಲ್ಲಿ. ಕೀಬೋರ್ಡಿನಿಂದ ಕಣ್ಣೆತ್ತದೆ ಹುಡುಗ ಹೇಳಿದ: “ಹದಿನೈದಾದ್ರೆ ಮಧ್ಯೆ ಒಂದು ‘ಆದ್ದರಿಂದ’ ಹಾಕ್ಬಿಡ್ತೀನಿ ಸಾರ್, ಎರಡು ತುಂಡಾಗುತ್ತೆ.” ಅದಕ್ಕೂ ಜಗ್ಗದಿದ್ದರೆ ಪದಗಳನ್ನೇ ಬದಲಿಸುವ ಯಂತ್ರಗಳಿವೆ. ಇಂಗ್ಲಿಷ್ ಪ್ರಬಂಧಗಳಲ್ಲಿ ಇಂಥ ಚಿತ್ರಹಿಂಸೆಗೊಳಗಾದ ಪದಗಳ ಬಗ್ಗೆ 2021ರಲ್ಲಿ ಮೂವರು ಸಂಶೋಧಕರು ಬರೆದರು. ಮೂತ್ರಪಿಂಡದ ವೈಫಲ್ಯ ಮೂತ್ರಪಿಂಡದ ನಿರಾಸೆಯಾದದ್ದು ಇದೇ ಬಗೆಯ ಕೈಚಳಕ. ರೋಗಿ ಸತ್ತರೂ ಸಾಮ್ಯ ಇಳಿಯಿತು.

ಇನ್ನು ಸಹಲೇಖಕರು. ಅಮೆರಿಕದ ಭೌತವಿಜ್ಞಾನಿ ಹೆದರಿಂಗ್ಟನ್ ಒಬ್ಬರೇ ಬರೆದ ಪ್ರಬಂಧದ ತುಂಬ ‘ನಾವು’ ಎಂದು ಟೈಪಾಗಿಬಿಟ್ಟಿತ್ತು. ಮತ್ತೆ ಟೈಪ್ ಮಾಡುವ ಬದಲು ಸಾಕಿದ ಬೆಕ್ಕಿಗೆ ಎಫ್.ಡಿ.ಸಿ. ವಿಲ್ಲರ್ಡ್ ಎಂದು ನಾಮಕರಣ ಮಾಡಿ ಜೊತೆಗೆ ಸೇರಿಸಿದರು. 1975ರಲ್ಲಿ ಅದು ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಅಚ್ಚೂ ಆಯಿತು. ಈ ಪ್ರಬಂಧದ ‘ನಾವು’ ನಿರ್ಮಾರ್ಜಾಲವೆಂದು ಘೋಷಿಸುತ್ತೇವೆ. ಕೃತಕ ಬುದ್ಧಿಮತ್ತೆಗೆ ಮಾತ್ರ ಸಂಪಾದಕರು 2023ರಲ್ಲಿ ಬಾಗಿಲು ಹಾಕಿದರು. ಅದಕ್ಕೆ ಹೊಣೆ ಹೊರಲು ಬಾರದಂತೆ. ಈ ತರ್ಕವನ್ನು ಯಂತ್ರಕ್ಕಷ್ಟೇ ನಿಲ್ಲಿಸಿದ್ದು ಸಂಪಾದಕರ ದಯೆ. ಮನುಷ್ಯರಿಗೂ ಹಚ್ಚಿದ್ದರೆ ಎಷ್ಟೋ ಗುರುವರ್ಯರ ಪ್ರಕಟಣೆಗಳ ಪಟ್ಟಿ ಅಂಚೆ ಕಾರ್ಡಿನಲ್ಲಿ ಹಿಡಿಸುತ್ತಿತ್ತು.

ಲೇಖಕರ ಕೊಡುಗೆ: ಮಾರ್ಗದರ್ಶಕರು ಇದನ್ನು ಇನ್ನೂ ನೋಡಿಲ್ಲ, ಆದ್ದರಿಂದ ಅವರ ಹೆಸರು ಮೊದಲು. ಟೀ ದುಡ್ಡು ಕೊಟ್ಟ ಮಿತ್ರರಿಗೆ ಕೃತಜ್ಞತೆ ಮಾತ್ರ. ಹಣ ಒದಗಿಸಿದ್ದಕ್ಕೇ ಯಾರೂ ಲೇಖಕರಾಗರು. ಡಿಟಿಪಿ ಹುಡುಗ ಟೈಪ್ ಮಾಡುತ್ತ ಎರಡು ಕಡೆ ನಮ್ಮ ವಾದವನ್ನೇ ತಿದ್ದಿದ್ದಾನೆ. ನಿಯಮ ನೋಡಿದರೆ ಅವನಿಗೂ ಒಂದು ಜಾಗವಿದೆ. ಹಾಕಲೇನಪ್ಪ ಎಂದು ಕೇಳಿದೆವು.

“ಬೇಡ ಸಾರ್,” ಎಂದ. “ನಾಳೆ ಏನಾದ್ರೂ ಆದ್ರೆ ನನ್ನ ಕೇಳ್ತಾರೆ.”