ಟಾಪ್‌ಅಪ್‌ವಾದ ಖಂಡನ

ಹಳೆಯ ಪಿಕಪ್ಪಿನ ಎಂಜಿನ್ ಆಯಿಲನ್ನು ಪೂರ್ತಿ ಇಳಿಸಿ ಹೊಸದು ತುಂಬಬೇಕೋ, ಕಮ್ಮಿಯಾದಷ್ಟನ್ನು ಮೇಲಿಂದ ಹೊಯ್ದರೆ ಸಾಕೋ ಎಂಬ ಜಿಜ್ಞಾಸೆ ಉಡುಪಿ ಜಿಲ್ಲೆಯಲ್ಲಿ ಇನ್ನೂ ಗ್ಯಾರೇಜಿನ ಜಗಲಿ ಬಿಟ್ಟು ಮೇಲೇರಿಲ್ಲ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪಂಚಭೇದವನ್ನು ಸಾರಿದ ನೆಲಕ್ಕೆ ಇದು ಶೋಭೆಯಲ್ಲ. ಆ ಐದರಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಚೇಂಬರಿನೊಳಗಿನ ಕಪ್ಪು ಆಯಿಲು ಜಡ, ಡಬ್ಬದೊಳಗಿನ ಹೊನ್ನಬಣ್ಣದ ಆಯಿಲೂ ಜಡ; ಆದ್ದರಿಂದಲೇ ಎರಡೂ ಬೇರೆ. ಇಷ್ಟು ನಿಚ್ಚಳವಾಗಿದ್ದರೂ ‘ಆಯಿಲ್ ಅಂದ್ರೆ ಆಯಿಲ್, ಒಂದು ಲೀಟರ್ ಹೊಯ್ದು ಬಿಡಿ ಮಾರ್ರೆ’ ಎನ್ನುವ ಅಭೇದವಾದಿಗಳು ಕಾಪುವಿನಿಂದ ಕಾರ್ಕಳದವರೆಗೆ ಹಬ್ಬಿದ್ದಾರೆ. ಅವರ ಮತವನ್ನು ಇಲ್ಲಿ ಟಾಪ್‌ಅಪ್‌ವಾದವೆಂದು ಕರೆದು ಖಂಡಿಸಲಾಗುವುದು. ವಾರಂಟಿ ಮುಗಿದು ಮೂರು ಕೈ ಬದಲಾದ ಕೆಎ 20 ಗಾಡಿಯ ಯಜಮಾನನೇ ಈ ಶಾಸ್ತ್ರಕ್ಕೆ ಅಧಿಕಾರಿ.

ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಪ್ರತ್ಯಕ್ಷವೆಂದರೆ ಆಯಿಲ್ ಗೇಜು. ಎಂಜಿನ್ ನಿಲ್ಲಿಸಿ, ಆಯಿಲು ಕೆಳಗಿಳಿಯಲು ಐದು ನಿಮಿಷ ಬಿಟ್ಟು, ಗೇಜು ಎಳೆದು ಒರೆಸಿ, ಮತ್ತೆ ಅದ್ದಿ ಎಳೆದಾಗ ಕಾಣುವುದಷ್ಟೇ ಸತ್ಯ. ಮೊದಲ ಎಳೆತದಲ್ಲಿ ಕಂಡದ್ದು ಭ್ರಮೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ಮಣಿಪಾಲದ ಏರಿನಲ್ಲಿ ಮೂತಿ ಎತ್ತಿ ನಿಂತ ಪಿಕಪ್ಪಿನ ಗೇಜು ಹೇಳುವ ಮಾತು ಯಾವ ಸಭೆಯಲ್ಲೂ ಸಾಕ್ಷಿಯಾಗದು. ಇನ್ನು ಅನುಮಾನ. ನೈಯಾಯಿಕರು ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎಂದರು, ಹೊಗೆಯ ಬಣ್ಣ ವಿಚಾರಿಸಲಿಲ್ಲ. ಸೈಲೆನ್ಸರಿನ ಮುಂದೆ ಈ ಉದಾಸೀನ ನಡೆಯದು: ನೀಲಿ ಹೊಗೆಯಿಂದ ಆಯಿಲು ಉರಿಯುತ್ತಿದೆಯೆಂದೂ, ಕಪ್ಪು ಹೊಗೆಯಿಂದ ಡೀಸೆಲು ಪೂರ್ತಿ ಉರಿಯುತ್ತಿಲ್ಲವೆಂದೂ ಊಹಿಸಬೇಕು. ಆಗಮ ಮಾತ್ರ ಕಷ್ಟ. ಕಂಪನಿಯ ಪುಸ್ತಕ ಮೊದಲ ಯಜಮಾನನ ಮನೆಯಲ್ಲೇ ಉಳಿದಿದೆ. ಉಳಿದದ್ದು ಮೆಕ್ಯಾನಿಕ್ ಬರೆದು ತೂಗುಹಾಕಿದ, ಮುಂದಿನ ಕಿಲೋಮೀಟರ್ ತಿಳಿಸುವ ಚೀಟಿ. ಕಿಲೋಮೀಟರ್ ಕೇಬಲ್ ಕಡಿದು ಮೀಟರು ಸ್ಥಿತಪ್ರಜ್ಞನಾಗಿರುವ ಗಾಡಿಯಲ್ಲಿ ಈ ಸ್ಮೃತಿ ಎಂದೂ ಸುಳ್ಳಾಗುವುದಿಲ್ಲ.

ಪೂರ್ವಪಕ್ಷಿ ಕೇಳುತ್ತಾನೆ: ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲೂ ನಾಲ್ಕು ದಿನದಲ್ಲಿ ಕಪ್ಪಾಗುತ್ತದೆ, ಮತ್ತೆ ಬದಲಿಸಿ ಏನು ಲಾಭ? ಕಪ್ಪಾಗುವುದು ದೋಷವಲ್ಲ, ಸೇವೆ. ಆಯಿಲಿನಲ್ಲಿ ಬೆರೆಸಿದ ಮಾರ್ಜಕಗಳು ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತಮ್ಮೊಳಗೇ ತೇಲಿಸಿ ಇಟ್ಟುಕೊಳ್ಳುತ್ತವೆ. ಆ ಶಕ್ತಿ ತೀರಿದ ಮೇಲೆ ಮಸಿ ಕೆಸರಾಗಿ ಚೇಂಬರಿನ ತಳ ಹಿಡಿಯುತ್ತದೆ, ಆಯಿಲಿನ ದಾರಿ ಕಟ್ಟುತ್ತದೆ. ಐದು ಲೀಟರ್ ಹಳೆಯದರ ಮೇಲೆ ಒಂದು ಲೀಟರ್ ಹೊಸದು ಹೊಯ್ದರೆ ಮಿಶ್ರಣದ ಆರರಲ್ಲಿ ಐದು ಪಾಲು ಹಳೆಯದೇ. ಫಿಲ್ಟರಂತೂ ಆರಕ್ಕೆ ಆರೂ ಪಾಲು ಹಳೆಯದು. ಹೊಸ ಆಯಿಲು ಹಾಕಿದ ಮೇಲೆಯೇ ಲೀಕ್ ಶುರುವಾಯಿತೆಂಬ ಇನ್ನೊಂದು ಆಕ್ಷೇಪದಲ್ಲಿ ತಿರುಳಿದೆ. ಸವೆದ ಸೀಲಿನ ಸಂದನ್ನು ಕೊಳೆಯೇ ಮುಚ್ಚಿಕೊಂಡಿದ್ದರೆ ಹೊಸ ಆಯಿಲು ಅದನ್ನು ತೊಳೆದು ದಾರಿ ಮಾಡಿಕೊಡುವುದುಂಟು. ಆದರೆ ಅದು ಬದಲಿಸಬೇಕಾದ ಸೀಲಿನ ವಿಚಾರ. ಕೊಳೆಗೆ ಸೀಲಿನ ಪದವಿ ಕೊಡಲಾಗದು.

ಪರಂಪರೆಯ ಬಲದಿಂದ ವಾದಿಸುವವರೂ ಇದ್ದಾರೆ. ಕಾರ್ಕಳದಲ್ಲಿ ಗೊಮ್ಮಟನಿಗೆ 12 ವರ್ಷಕ್ಕೊಮ್ಮೆ ಮೇಲಿಂದಲೇ ಸುರಿಯುವುದಲ್ಲವೇ ಎನ್ನುತ್ತಾರೆ. 1432ರಿಂದ ನಿಂತಲ್ಲೇ ನಿಂತಿರುವ, ಚಲಿಸುವ ಭಾಗವೊಂದೂ ಇಲ್ಲದ 42 ಅಡಿಯ ಶಿಲೆಗೆ ಒಪ್ಪುವ ಕ್ರಮ ಪಿಸ್ಟನ್ನಿಗೆ ಒಪ್ಪದು. ಉಡುಪಿಯವರ ಯುಕ್ತಿ ಇನ್ನೂ ಸೂಕ್ಷ್ಮ: ಕೃಷ್ಣಮಠದ ಪೂಜೆಯ ಎರಡು ತಿಂಗಳ ಪರ್ಯಾಯವನ್ನು ವಾದಿರಾಜರು ಎರಡು ವರ್ಷಕ್ಕೆ ವಿಸ್ತರಿಸಿದರು, ಆಯಿಲಿನ ಅವಧಿಯನ್ನು ನಾವು ವಿಸ್ತರಿಸಿದರೆ ತಪ್ಪೇನು? ಅವಧಿ ಹಿಗ್ಗಿದರೂ ಪರ್ಯಾಯ ತಪ್ಪಲಿಲ್ಲ ಎಂಬುದನ್ನು ಇವರು ಮರೆಯುತ್ತಾರೆ. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳ ಸಿದ್ಧತೆ ನಡೆದು, ಜನವರಿ 18ರಂದು ಅಕ್ಷಯಪಾತ್ರೆ, ಸಟ್ಟುಗ ಕೈ ಬದಲಾಗುತ್ತವೆ. ನಿರ್ಗಮಿಸುವವರು ಪೀಠದ ಆರರಲ್ಲಿ ಐದು ಪಾಲನ್ನು ಇಟ್ಟುಕೊಳ್ಳುವ ಪದ್ಧತಿ ಎಂಟು ಮಠಗಳಲ್ಲಿ ಯಾವುದಕ್ಕೂ ಇಲ್ಲ.

ಕಾಲನಿರ್ಣಯಕ್ಕೆ ಪಂಚಾಂಗ ಬೇಡ, ಮಲ್ಪೆ ಬಂದರು ಸಾಕು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಮೀನು ಹೊತ್ತು ಕಾಪು ದಾಟಿ ಮಂಗಳೂರಿಗೆ ಓಡುವ ಪಿಕಪ್ಪುಗಳಿಗೂ ಅದೇ ಬಿಡುವು. ಆಗಸ್ಟಿನಲ್ಲಿ ಗಾಡಿ ಹೊರಡಿಸುವಾಗ ಬದಲಿಸಿದರಾಯಿತು ಎಂಬುದು ರೂಢಿಯ ಮಾತು, ಆದರೆ ಯುಕ್ತಿಗೆ ವಿರುದ್ಧ. ಓಡಿದ ಆಯಿಲಿನಲ್ಲಿ ಆಮ್ಲವೂ ತೇವವೂ ಕೂಡಿರುತ್ತವೆ. ಎರಡು ತಿಂಗಳ ಮಳೆಯಲ್ಲಿ ನಿಂತ ಎಂಜಿನ್ನಿನ ಬೇರಿಂಗು ಅದರಲ್ಲೇ ನೆನೆಯಬೇಕಾಗುತ್ತದೆ. ಆದ್ದರಿಂದ ನಿಲ್ಲಿಸುವ ಮುಂಚೆಯೇ, ಎಂಜಿನ್ ಬೆಚ್ಚಗಿರುವಾಗ, ಡ್ರೈನ್ ನಟ್ಟು ಬಿಚ್ಚತಕ್ಕದ್ದು; ತಣ್ಣಗಿದ್ದರೆ ಕೊಳೆ ತಳದಲ್ಲೇ ಕುಳಿತಿರುತ್ತದೆ. ಐಸಿನ ಉಪ್ಪುನೀರಿಗೆ ತುಕ್ಕು ಹಿಡಿದ ನಟ್ಟಿಗೆ ಸರಿಯಾದ ಸೈಜಿನ ಸ್ಪ್ಯಾನರು ಬೇಕು. ಸಡಿಲ ಸ್ಪ್ಯಾನರಿನಿಂದ ತಿರುವಿ ಮೂಲೆ ಉರುಟಾದ ನಟ್ಟಿಗೆ ಮೋಕ್ಷವಿಲ್ಲ.

ಇಳಿಸಿದ ಆಯಿಲಿನ ಗತಿಯೂ ಚರ್ಚಾರ್ಹ. ಗೆದ್ದಲಿಗೆಂದು ಬೇಲಿಯ ಗೂಟಕ್ಕೆ, ಕಾಂಕ್ರೀಟು ಅಂಟದಿರಲೆಂದು ಸೆಂಟ್ರಿಂಗ್ ಹಲಗೆಗೆ ಅದನ್ನು ಬಳಿಯುವವರಿದ್ದಾರೆ. ಹಿತ್ತಿಲಿಗೆ ಚೆಲ್ಲುವುದಂತೂ ಮಹಾಪಾತಕ. ಮುರಕಲ್ಲಿನ ನೆಲ ನೀರನ್ನು ಹೇಗೆ ಇಳಿಸಿಕೊಳ್ಳುತ್ತದೋ ಆಯಿಲನ್ನೂ ಹಾಗೆಯೇ ಇಳಿಸಿಕೊಂಡು ಬಾವಿಗೆ ಮುಟ್ಟಿಸುತ್ತದೆ. ಅಧಿಕೃತ ಘಟಕಕ್ಕೆ ಹೋದರೆ ಶುದ್ಧಿಯಾಗಿ ಪುನರ್ಜನ್ಮವುಂಟು, ಏಕೆಂದರೆ ಮೂಲತೈಲ ಅಷ್ಟಾಗಿ ಸವೆಯುವುದಿಲ್ಲ, ಕೆಡುವುದು ಹೆಚ್ಚಾಗಿ ಅದರಲ್ಲಿ ಬೆರೆಸಿದ್ದು ಮತ್ತು ಅದಕ್ಕೆ ಬಂದು ಸೇರಿದ್ದು. ‘ನೋಡಿ, ಅದೇ ಆಯಿಲು’ ಎಂದು ಟಾಪ್‌ಅಪ್‌ವಾದಿ ಇಲ್ಲಿ ಕುಣಿಯಬಹುದು. ಆದರೆ ಆ ಶುದ್ಧಿಗೂ ಮೊದಲು ನಟ್ಟು ಬಿಚ್ಚಲೇಬೇಕಾಯಿತಲ್ಲ! ಅಲ್ಲಿಯತನಕ ಡ್ರಮ್ಮು ಗ್ಯಾರೇಜಿನಲ್ಲಿರುತ್ತದೆ. ಅದನ್ನು ಮಾರಿ ಬಂದ ದುಡ್ಡಿನಲ್ಲಿ ಗಾಡಿಯ ಯಜಮಾನನಿಗೆ ಪಾಲುಂಟೇ ಎಂಬ ಬಗ್ಗೆ ಶಾಸ್ತ್ರ ಏನೂ ಹೇಳುವುದಿಲ್ಲ, ಗ್ಯಾರೇಜಿನವನೂ ಹೇಳುವುದಿಲ್ಲ.