ಬೆಳಗಿನ ಚಳಿಗೆ ಮಧ್ಯಾಹ್ನದ ಮದ್ದು

ನಾಸಿಕದಲ್ಲಿ ಡಿಸೆಂಬರ್ ಹೊಕ್ಕಿತೆಂದರೆ ಬೆಳಗಿನ ಕುಶಲಪ್ರಶ್ನೆಯೇ ಬದಲಾಗುತ್ತದೆ. ‘ಚಹಾ ಆಯ್ತಾ’ ಹೋಗಿ ‘ಇವತ್ತು ನಿಫಾಡ ಎಷ್ಟು?’ ಬರುತ್ತದೆ. ನಿಫಾಡ ನಮ್ಮ ಜಿಲ್ಲೆಯ ದ್ರಾಕ್ಷಿ ಸೀಮೆ. ಪಾದರಸ 5 ಡಿಗ್ರಿಗಿಂತ ಕೆಳಗಿಳಿದ ರಾತ್ರಿ ಅಲ್ಲಿನ ರೈತರು ತೋಟದಲ್ಲಿ ಬೆಂಕಿ ಹಾಕುತ್ತಾರೆ, ನಸುಕಿನಲ್ಲಿ ನೀರು ಬಿಡುತ್ತಾರೆ. ತೋಟವಿಲ್ಲದ ನಾವು ಪಟ್ಟಣದವರು ಬಚ್ಚಲುಮನೆ ಬಾಗಿಲಲ್ಲಿ ನಿಂತು ಗೀಸರಿನ ಕೆಂಪು ದೀಪ ಯಾವಾಗ ಆರೀತೆಂದು ಕಾಯುತ್ತೇವೆ.

ಆಚೆಮನೆಯ ಕಾಕಾ ವಿಜಯಪುರದ ಕಡೆಯವರು, ನಾಸಿಕ ರೋಡಿನ ನೋಟು ಮುದ್ರಣಾಲಯದಲ್ಲಿ ಇದ್ದು ನಿವೃತ್ತರಾದವರು. ನಾನು ಮೈಸೂರು ಸೀಮೆಯವನು, ಓಝರಿನ ಎಚ್‌ಎಎಲ್ ಕಾರ್ಖಾನೆಯ ಅನ್ನ ತಿನ್ನುವವನು. ನಡುವಿನ ಕಾಂಪೌಂಡ್ ಗೋಡೆ ಎದೆಮಟ್ಟ ಮಾತ್ರ ಇರುವುದರಿಂದ ಎರಡೂ ಸೀಮೆಯ ಕನ್ನಡಗಳು ದಿನಾ ಅದರ ಮೇಲೆ ಮೊಳಕೈ ಊರಿ ನಿಲ್ಲುತ್ತವೆ.

‘ತಮ್ಮಾ, ಈ ಹೀಟ್ ಪಂಪ್ ಅಂದ್ರ ಏನೋ?’ ಎಂದರು ಕಾಕಾ. ‘ಸಂಭಾಜಿನಗರದಾಗ ನಮ್ಮ ಅಳಿಯ ಒಂದು ತಗೋತೀನಿ ಅಂತ ಕುಂತಾನ. ಮ್ಹೈಸಮಾಳ ಗುಡ್ಡದ ಮ್ಯಾಲೂ ಒಂದು ಮನಿ ಕಟ್ಟ್ಯಾನಲ್ಲ, ಅಲ್ಲಿಗೂ ಒಂದು ಬೇಕಂತ. ಅದು ಹವಾದಾಗಿಂದ ಬಿಸಿ ತಗೀತದಂತ. ಇಂಥಾ ಥಂಡ್ಯಾಗ ಹವಾದಾಗ ಬಿಸಿ ಎಲ್ಲಿಂದ ಬಂತು?’

ಕೇಳಬೇಕಾದ ಪ್ರಶ್ನೆಯೇ. ಉತ್ತರ ಅವರ ಅಡುಗೆಮನೆಯ ಮೂಲೆಯಲ್ಲೇ ನಿಂತಿದೆ. ಫ್ರಿಜ್ ತನ್ನ ಒಳಗಿನ ಹಾಲು, ಮೊಸರಿನ ಬಿಸಿ ಹೀರಿ ಬೆನ್ನ ಹಿಂದೆ ಹೊರಹಾಕುತ್ತದೆ. ಹೀಟ್ ಪಂಪ್ ಅದೇ ಕೆಲಸವನ್ನು ಅಂಗಳದ ಹವೆಗೆ ಮಾಡುತ್ತದೆ. ಹೀರಿದ ಬಿಸಿಯನ್ನು ನೀರಿನ ಟ್ಯಾಂಕಿಗೆ ಬಿಡುತ್ತದೆ. ಅದರ ಕೊಳವೆಯಲ್ಲಿ ಸುತ್ತುವ ಅನಿಲ ಆರ್-134ಎ ಆದರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಆರ್-290, ಅಂದರೆ ಪ್ರೊಪೇನ್ ಆದರೆ 42 ಡಿಗ್ರಿ ಕೆಳಗೆ.

‘ಅಂದ್ರ ನಮಗ ಹಲ್ಲು ಕಟಕಟ ಅನ್ನೂ ಹೊತ್ತು ಅದಕ್ಕ ಬ್ಯಾಸಿಗಿ ಅನ್ನು.’

ಹಾಗೇ ಅನ್ನಬೇಕು. ಇದೇನು ನಿನ್ನೆ ಮೊನ್ನೆಯ ಯೋಚನೆಯೂ ಅಲ್ಲ. 1852ರಲ್ಲೇ ಲಾರ್ಡ್ ಕೆಲ್ವಿನ್ ಇದರ ಲೆಕ್ಕ ಬರೆದಿಟ್ಟಿದ್ದ. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನವರು ಲಿಮ್ಮಾಟ್ ನದಿಯ ತಣ್ಣೀರಿನಿಂದ ಬಿಸಿ ತೆಗೆದು ತಮ್ಮ ರಾತ್‌ಹೌಸ್, ಅಂದರೆ ಪುರಭವನದ ಕಟ್ಟಡವನ್ನು ಬೆಚ್ಚಗಿಟ್ಟರು. ಇದನ್ನು ಕೇಳಿದ್ದೇ ಕಾಕಾ ಗೋದಾವರಿಗೂ ಒಂದು ಪಂಪ್ ಇಡಬೇಕೆಂದರು. ಕುಂಭಮೇಳದ ಸಾಧುಗಳಿಗೆ ಬಿಸಿನೀರು ಆದೀತಲ್ಲ! ನಾಸಿಕದ ಸಿಂಹಸ್ಥ ಕುಂಭದ ದೊಡ್ಡ ಸ್ನಾನಗಳು ಮಳೆಗಾಲದಲ್ಲಿ ಬರುತ್ತವೆಂಬುದನ್ನು ಕಾಕಿ ಒಳಗಿನಿಂದಲೇ ನೆನಪಿಸಿದರು. ಯೋಜನೆ ಅಲ್ಲಿಗೇ ನಿಂತಿತು.

ಇನ್ನು ದುಡ್ಡಿನ ಮಾತು. ಐದಾರು ಜನರ ಮನೆಗೆ ದಿನಕ್ಕೆ 200 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಬೇಕೆಂದರೆ ಗೀಸರಿಗೆ ಸುಮಾರು 7 ಯೂನಿಟ್ ಕರೆಂಟು ಬೇಕು. ಇದರಲ್ಲಿ ಯಾವ ಕಂಪನಿಯ ಜಾಣತನವೂ ನಡೆಯುವುದಿಲ್ಲ, ನೀರಿನ ಗುಣವೇ ಹಾಗೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಬಿಸಿ, ಅಂದರೆ ಒಂದಕ್ಕೆ ಮೂರು ಕೊಡುವ ಹೀಟ್ ಪಂಪಿಗೆ ಎರಡೂಕಾಲು, ಎರಡೂವರೆ ಯೂನಿಟ್ ಸಾಕು.

‘ಉಳದ ನಾಕೂವರಿ ಯೂನಿಟ್ ಯಾರು ಕೊಟ್ರು?’

‘ಹವೆ.’

‘ಬಿಲ್ ಇಲ್ದ?’

‘ಬಿಲ್ ಇಲ್ಲದೆ.’

‘ಮೀಟರಿನವರಿಗೆ ಇನ್ನೂ ಗೊತ್ತಾಗಿಲ್ಲ ಅನ್ನು,’ ಎಂದು ಕಾಕಾ ಆಚೀಚೆ ನೋಡಿದರು.

ಆದರೆ ಈ ‘ಒಂದಕ್ಕೆ ಮೂರು’ ಎಲ್ಲ ಹೊತ್ತಿಗೂ ಒಂದೇ ಅಲ್ಲ. ಹವೆ ತಣ್ಣಗಾದಷ್ಟೂ ಯಂತ್ರ ಹೆಚ್ಚು ಏದುಸಿರು ಬಿಡುತ್ತದೆ. ಒಂದು ಯೂನಿಟ್ಟಿಗೆ ಮಧ್ಯಾಹ್ನ ನಾಲ್ಕರಷ್ಟು ಕೊಡುವ ಯಂತ್ರ ನಸುಕಿನಲ್ಲಿ ಎರಡೂವರೆಯಷ್ಟಕ್ಕೆ ಇಳಿದೀತು. ಹವೆ 5-6 ಡಿಗ್ರಿಗಿಂತ ಕೆಳಗಿಳಿದು ತೇವವೂ ಇದ್ದರೆ ಹೊರಗಿನ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಆಗ ಯಂತ್ರ ನೀರು ಕಾಯಿಸುವುದು ಬಿಟ್ಟು ತನ್ನ ಮೈಯ ಹಿಮ ಕರಗಿಸಿಕೊಳ್ಳಬೇಕು. ಅದಕ್ಕೇ ಕೊಳ್ಳುವವರು ‘ಒಂದಕ್ಕೆ ಎಷ್ಟು’ ಅಂತ ಕೇಳಿ ಸುಮ್ಮನಾಗಬಾರದು, ‘ಎಷ್ಟು ಡಿಗ್ರಿಯ ಹವೆಯಲ್ಲಿ ಅಳೆದದ್ದು’ ಅಂತಲೂ ಕೇಳಬೇಕು. ಯುರೋಪಿನಲ್ಲಿ 7 ಡಿಗ್ರಿ ಹವೆಯಲ್ಲಿ ಅಳೆಯುವ ರೂಢಿ ಇದೆ. ನಸುಕಿನಲ್ಲಿ ಓಡಿಸುವುದಾದರೆ ನಮಗೂ ಆ ಅಂಕಿಯೇ ಉಪಯೋಗದ್ದು. 20 ಡಿಗ್ರಿಯಲ್ಲಿ ಅಳೆದದ್ದನ್ನು ಜನವರಿಯ ನಸುಕಿಗೆ ನಂಬಿದರೆ ಮೋಸ.

ಇಲ್ಲೇ ನಮ್ಮ ಸೀಮೆಯ ಚಳಿಯ ಸ್ವಭಾವ ತಿಳಿದಿರಬೇಕು. ನಾಸಿಕವಾಗಲಿ ಸಂಭಾಜಿನಗರವಾಗಲಿ, ಚಳಿ ನಸುಕಿಗೆ ಬಂದು ಒಂಬತ್ತು ಗಂಟೆಗೆ ಎದ್ದು ಹೋಗುತ್ತದೆ. ಜನವರಿಯಲ್ಲಿ ಬೆಳಿಗ್ಗೆ 8-10 ಡಿಗ್ರಿ ಇದ್ದ ಊರು ಮಧ್ಯಾಹ್ನ 28ರ ಆಸುಪಾಸು ಇರುತ್ತದೆ. ಹಾಗಿರುವಾಗ ನಾರ್ವೆಯ ಚಳಿಗೆ ಮಾಡಿದ ದುಬಾರಿ ಯಂತ್ರ ನಮಗೇಕೆ? ಟ್ಯಾಂಕು ದೊಡ್ಡದಿರಲಿ, ಅದರ ಸುತ್ತ ಒಳ್ಳೆಯ ಫೋಮಿನ ಹೊದಿಕೆ ಇರಲಿ, ಟೈಮರ್ ಹಾಕಿ ಯಂತ್ರವನ್ನು ಮಧ್ಯಾಹ್ನವೇ ಓಡಿಸಿ. ಹೊದಿಕೆ ಸರಿಯಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಕೆಲವೇ ಡಿಗ್ರಿ ಇಳಿಯುತ್ತದೆ, ಕಾಕಾನ ಐದು ಗಂಟೆಯ ಜಳಕಕ್ಕೆ ಏನೂ ಕೊರತೆಯಾಗದು. ಮಹಾರಾಷ್ಟ್ರದಲ್ಲಿ ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಹಗಲಿನ ಕರೆಂಟಿಗೆ ರಿಯಾಯಿತಿಯೂ ಬಂದಿದೆ, ಅದೂ ಸೇರಿತು.

‘ಅಳಿಯಗ ಇದನ್ನ ಹೇಳಲೇನು?’

‘ಹೇಳಿ. ಆದರೆ ಅವನ ಎರಡು ಮನೆಗೆ ಎರಡು ಉತ್ತರ.’

ಸಂಭಾಜಿನಗರದ ತಾಪತ್ರಯ ಚಳಿಗಿಂತ ನೀರಿನದು. ಪಂಚಕ್ಕಿ ಎಂಬ ಗಿರಣಿಗೆ ಗುಡ್ಡದಿಂದ ಮಣ್ಣಿನ ಕೊಳವೆಯಲ್ಲಿ ನೀರು ಹರಿಸಿ ಬೀಸುವ ಕಲ್ಲನ್ನೇ ತಿರುಗಿಸಿದ ಊರು ಅದು. ಈಗ ಪೈಠಣದ ಜಾಯಕವಾಡಿಯಿಂದ ನೀರು ಬರುತ್ತದೆ, ಆದರೆ ನಲ್ಲಿಗೆ ದಿನಾ ಬರುವುದಿಲ್ಲ. ಉಳಿದ ದಿನ ಬೋರ್‌ವೆಲ್ಲಿನ ಗಡಸು ನೀರು. ಗಡಸು ನೀರು ಕಾದಲ್ಲೆಲ್ಲ ಸುಣ್ಣ ಕಟ್ಟುತ್ತದೆ. ಅಂಥ ಕಡೆ ಬಿಸಿ ಬಿಡುವ ಕಾಯಿಲ್ ನೀರಿನೊಳಗೆ ಮುಳುಗಿರದೆ ಟ್ಯಾಂಕಿನ ಹೊರಮೈಗೆ ಸುತ್ತಿರುವ ಮಾದರಿ ಒಳ್ಳೆಯದು. ಒಳಗಿನ ಮೆಗ್ನೀಸಿಯಂ ಸರಳನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಿ, ಸವೆದಿದ್ದರೆ ಬದಲಿಸಬೇಕು. ಅದು ಸವೆಯುವುದರಿಂದಲೇ ಟ್ಯಾಂಕು ಉಳಿಯುತ್ತದೆ.

ಮ್ಹೈಸಮಾಳ 1,000 ಮೀಟರಿಗೂ ಎತ್ತರದ ಗುಡ್ಡ. ಮಳೆಗಾಲದಲ್ಲಿ ಮೋಡ ಮನೆಯೊಳಗೇ ಬಂದು ಕೂರುವಾಗ ಸೋಲಾರ್ ಹೀಟರ್ ಕೈಚೆಲ್ಲುತ್ತದೆ. ಹೀಟ್ ಪಂಪಿಗೆ ಮಾತ್ರ ಅದು ಸುಗ್ಗಿ: ಹವೆ ತೀರ ತಣ್ಣಗಿರುವುದಿಲ್ಲ, ಅದರ ತೇವ ಕಾಯಿಲ್ ಮೇಲೆ ನೀರಾಗುವಾಗ ಇನ್ನಷ್ಟು ಬಿಸಿ ಬಿಟ್ಟುಕೊಡುತ್ತದೆ. ವರ್ಷವಿಡೀ ಗುಡ್ಡದ ಮೇಲಿರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಳಿಯ ಅಲ್ಲಿಗೆ ಹೋಗುವುದು ಆಗೊಮ್ಮೆ ಈಗೊಮ್ಮೆ. ಬೀಗ ಹಾಕಿದ ಮನೆಗೆ ಲಕ್ಷದ ಆಸುಪಾಸಿನ ಯಂತ್ರ ಯಾಕೆ?

‘ಅಟ್ಟದ ಮ್ಯಾಲ ನಮ್ಮ ಅವ್ವ ನೀರು ಕಾಸತಿದ್ದ ತಾಮ್ರದ ಬಂಬ್ ಅದ. ಅದನ್ನ ಕೊಟ್ಟು ಕಳಸ್ತೀನಿ,’ ಎಂದರು ಕಾಕಾ, ಅಳಿಯನ ಲಕ್ಷ ಉಳಿಸಿದ ಹುಮ್ಮಸ್ಸಿನಲ್ಲಿ.

ಕೊನೆಗೆ ಜಾಗದ ಪ್ರಶ್ನೆ. ಯಂತ್ರ ಗುಂಯ್ ಅನ್ನುತ್ತದೆ, ತಣ್ಣನೆಯ ಹವೆ ಉಗುಳುತ್ತದೆ. ಸುತ್ತ ಗಾಳಿಯಾಡಬೇಕು, ಯಾರ ಮಲಗುವ ಕೋಣೆಯ ಕಿಟಕಿಯೂ ಎದುರಿರಬಾರದು. ನಾನೇನಾದರೂ ಕೊಂಡರೆ ಗೋಡೆಯ ಪಕ್ಕ ಇಡಬಾರದೆಂದು ಕಾಕಾ ಮೊದಲೇ ಆಕ್ಷೇಪಣೆ ದಾಖಲಿಸಿದರು. ಒಂದು ಗಳಿಗೆ ಬಿಟ್ಟು, ಏಪ್ರಿಲ್‌ನಲ್ಲಿ ಆ ತಣ್ಣನೆ ಹವೆ ತಮ್ಮ ಕಟ್ಟೆಯ ಕಡೆಗೇ ಬರುವಂತೆ ತಿರುಗಿಸಲಾದೀತೇ ಎಂದೂ ವಿಚಾರಿಸಿದರು.

ಓದುಗರೇ, ಅಂಗಡಿಗೆ ಹೋಗುವ ಮೊದಲು ಮನೆಯ ಬಕೆಟ್ಟುಗಳನ್ನು ಎಣಿಸಿ. ದಿನಕ್ಕೆ 200 ಲೀಟರ್ ಬಿಸಿನೀರು ಖರ್ಚಾಗುವ ತುಂಬುಮನೆಯಾದರೆ ಹೀಟ್ ಪಂಪ್ ತನ್ನ ದುಡ್ಡನ್ನು ತಾನೇ ದುಡಿದುಕೊಳ್ಳುತ್ತದೆ. ಇಬ್ಬರೇ ಇದ್ದು ಒಂದೊಂದು ಬಕೆಟ್ಟಿನಲ್ಲಿ ಜಳಕ ಮುಗಿಸುವವರಾದರೆ ಇದ್ದ ಗೀಸರೇ ಸಾಕು.