ಸೀಗಡಿ ಪಂಡಿತರು

ಪ್ರಾನ್ಸ್ ಘೀ ರೋಸ್ಟ್ ಮೇಜಿಗೆ ಬಂದ ಕೂಡಲೇ ಎಲ್ಲರ ಕೈ ತಟ್ಟೆಗೆ ಹೋದರೆ, ಸೀಗಡಿ ಪಂಡಿತರ ಕೈ ಕನ್ನಡಕಕ್ಕೆ ಹೋಗುತ್ತದೆ. ‘ಇದನ್ನು ಶ್ರಿಂಪ್ ಅನ್ನಬಾರದು ಸ್ವಾಮಿ, ಪ್ರಾನ್ ಅನ್ನಬೇಕು’ ಎಂದು ಶುರುಮಾಡಿದರೆ ತುಪ್ಪ ಗಟ್ಟಿಯಾಗುವ ತನಕ ಬಿಡುವುದಿಲ್ಲ. ತೊಂದರೆಯೆಂದರೆ, ಅವರ ಮಾತು ಸುಳ್ಳಲ್ಲ. ಪ್ರಾಣಿಶಾಸ್ತ್ರದಲ್ಲಿ ಎರಡು ಬಣ ಇರುವುದು ನಿಜ. ಪ್ರಾನ್‌ನ ಕಿವಿರು ರೆಂಬೆಯಂತೆ ಕವಲೊಡೆದಿದ್ದರೆ, ಶ್ರಿಂಪ್‌ನದು ಪುಸ್ತಕದ ಹಾಳೆಯಂತೆ ಪದರ ಪದರ. ಪ್ರಾನ್ ಮೊಟ್ಟೆಯನ್ನು ನೀರಿಗೆ ಬಿಟ್ಟು ಕೈತೊಳೆದುಕೊಳ್ಳುತ್ತದೆ. ಶ್ರಿಂಪ್ ಅದು ಒಡೆಯುವ ತನಕ ಹೊಟ್ಟೆಯಡಿ ಹೊತ್ತು ತಿರುಗುತ್ತದೆ. ಪ್ರಾನ್‌ನ ಬೆನ್ನಿನ ಚಿಪ್ಪುಗಳು ಮಂಗಳೂರು ಹೆಂಚಿನಂತೆ ಸಾಲಾಗಿ ಒಂದರ ಮೇಲೊಂದು ಕೂತಿದ್ದರೆ, ಶ್ರಿಂಪ್‌ನ ಎರಡನೆಯ ಚಿಪ್ಪು ಹಿಂದಿನದನ್ನೂ ಮುಂದಿನದನ್ನೂ ಅಮುಕಿ ಕೂತಿರುತ್ತದೆ.

ಆದರೆ ಈ ತೀರ್ಪಿಗೆ ಇಂಗ್ಲಿಷಿನವರೇ ತಲೆಬಾಗಿಲ್ಲ. ಅಮೆರಿಕದವರಿಗೆ ಹೆಚ್ಚುಕಡಿಮೆ ಎಲ್ಲವೂ ಶ್ರಿಂಪ್, ಆಸ್ಟ್ರೇಲಿಯಾದವರಿಗೆ ಪ್ರಾನ್. 1984ರ ಪ್ರವಾಸೋದ್ಯಮ ಜಾಹೀರಾತಿನಲ್ಲಿ ಆಸ್ಟ್ರೇಲಿಯಾದ ನಟ ಪಾಲ್ ಹೋಗನ್ ಅಮೆರಿಕದವರಿಗೆ ಸುಟ್ಟು ಬಡಿಸುವೆನೆಂದದ್ದು ಮಾತ್ರ ಶ್ರಿಂಪ್. ಅತಿಥಿಯ ನಾಲಿಗೆಗೆ ಅತಿಥಿಯದೇ ಪದ. ಗಾತ್ರವೇ ಅಳತೆಗೋಲು ಎನ್ನೋಣವೇ? ಬ್ರಿಟನ್ನಿನಲ್ಲಿ ಅದು ಸ್ವಲ್ಪ ನಡೆಯುತ್ತದೆ: ಮೋರ್ಕಂಬ್ ಕೊಲ್ಲಿಯವರು ಬೆಣ್ಣೆಯಲ್ಲಿ ಮುಳುಗಿಸಿಡುವ ಕಂದು ಪುಟಾಣಿ ಶ್ರಿಂಪ್, ಅದಕ್ಕಿಂತ ದೊಡ್ಡದು ಪ್ರಾನ್. ಅಮೆರಿಕದ ಮೆನುವಿನ ‘ಜಂಬೋ ಶ್ರಿಂಪ್’ ಆ ಕೋಲನ್ನೂ ಮುರಿಯುತ್ತದೆ. ಇನ್ನು ನಮ್ಮ ಕೆರೆ-ಕೊಳಗಳಲ್ಲೂ ಸಾಕುವ ಗೇಣುದ್ದದ ಸಿಹಿನೀರಿನ ಸೀಗಡಿ, ಇಂಗ್ಲಿಷಿನಲ್ಲಿ ‘ಜೈಂಟ್ ಫ್ರೆಶ್‌ವಾಟರ್ ಪ್ರಾನ್’, ಪಂಡಿತರದೇ ಲೆಕ್ಕದಲ್ಲಿ ಶ್ರಿಂಪ್ ಬಣದ್ದು.

ಹಾಗಾದರೆ ಖಚಿತತೆ ಬೇಡವೇ ಎಂದು ಪಂಡಿತರು ಗದರಬಹುದು. ಬೇಕು, ಲ್ಯಾಟಿನ್ ಹೆಸರುಗಳಿರುವುದು ಅದಕ್ಕೇ. ಟೈಗರ್ ಪ್ರಾನ್ ಅನ್ನಿ, ಟೈಗರ್ ಶ್ರಿಂಪ್ ಅನ್ನಿ, ಪೀನಿಯಸ್ ಮೊನೊಡಾನ್ ಅಂದರೆ ಎರಡೂ ಒಂದೇ. ಊಟದ ಪದವನ್ನು ಸಾಕಿದ್ದು ಸಂತೆ ಮತ್ತು ಸೌಟು, ಸೂಕ್ಷ್ಮದರ್ಶಕವಲ್ಲ. ತುಳುವಿನ ಎಟ್ಟಿಯಾಗಲಿ ಕೊಂಕಣಿಯ ಸುಂಗಟವಾಗಲಿ ಕಿವಿರು ಬಿಚ್ಚಿ ನೋಡಿ ಹುಟ್ಟಿದ್ದಲ್ಲ. ಪಂಡಿತರ ಪ್ರಬಲ ಸಾಕ್ಷಿಯಾದ ಆ ಕಿವಿರು ಇದ್ದದ್ದು ತಲೆಯ ಚಿಪ್ಪಿನೊಳಗೆ. ಆ ತಲೆಯನ್ನು ಮೀನು ಮಾರುವಾಕೆ ಬೆಳಿಗ್ಗೆಯೇ ತಿರುವಿ ಎಸೆದಿದ್ದಾಳೆ. ಬೆನ್ನಿನ ಹೆಂಚು ಅಡುಗೆಮನೆಯ ಕಸದ ಬುಟ್ಟಿ ಸೇರಿದೆ. ಸಾಕ್ಷಿಯಿಲ್ಲದ ಮೊಕದ್ದಮೆಯನ್ನು ಅವರಿನ್ನೂ ವಾದಿಸುತ್ತಲೇ ಇದ್ದಾರೆ. ಎದುರು ಕೂತವರು ಆರೋಪಿಯನ್ನೇ ಮುಗಿಸಿ ಬೆರಳು ನೆಕ್ಕುತ್ತಿದ್ದಾರೆ.